ಸವೆಯದ ಚೆಂಡು

ಇಳಕಲ್ಲಿನ ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರರು ಶಾಲೆಗೆ ಬಂದಿದ್ದ ಹೊಸ ಬ್ಯಾಸ್ಕೆಟ್‌ಬಾಲನ್ನು ಕಪಾಟಿನಲ್ಲಿಟ್ಟು, ಕೀಲಿಕೈಯನ್ನು ಸೀಟಿಯ ದಾರಕ್ಕೇ ಕಟ್ಟಿಕೊಂಡಿದ್ದರು. ಹುಡುಗಿಯರು ಕೇಳಿದರೆ ಆ ದಾರವನ್ನು ಬೆರಳಿಗೆ ಸುತ್ತುತ್ತ ಒಂದೇ ಮಾತು: “ಆಡಿದ್ರ ಸವದ ಹೋಗತೈತಿ.” ಅಷ್ಟು ಜೋಪಾನ ಅವರು ಹೆತ್ತ ಮಕ್ಕಳನ್ನೂ ಮಾಡಿರಲಾರರು. ಆಯುಧಪೂಜೆಯ ದಿನ ಮಾತ್ರ ಚೆಂಡು ಹೊರಬಂದು, ವಿಭೂತಿ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ನೇಕಾರರ ಮನೆಯ ನನ್ನ ಗೆಳತಿ, ಹುಡುಗರು ಒದ್ದು ಬಿಟ್ಟ ಹರಕು ಫುಟ್‌ಬಾಲನ್ನೇ ರಿಂಗಿಗೆ ಎಸೆದೆಸೆದು ಆಟ ಕಲಿತಳು. ಈಗ ಪೋರ್ಚುಗಲ್ಲಿನ ಕ್ಲಬ್ಬೊಂದಕ್ಕೆ ಸಂಬಳದ ಮೇಲೆ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ.

ಹೋದ ವರ್ಷ ಅವಳು ಊರಿಗೆ ಬಂದಾಗ ಶಾಲೆಯಲ್ಲಿ ಸನ್ಮಾನವಿತ್ತು. ಮೈಕು ಸಿಕ್ಕಿದ್ದೇ ತಡ, ಮಾಸ್ತರರು “ಈಕೀನ್ನ ತಯಾರ ಮಾಡಿದಾಂವ ನಾನ!” ಎಂದು ಎದೆ ಉಬ್ಬಿಸಿ, ಕಪಾಟಿನಿಂದ ಅದೇ ಚೆಂಡು ತಂದರು. “ಎಲ್ಲಾರಿಗೂ ಒಮ್ಮೆ ಆಡಿ ತೋರ್ಸವಾ.”

ಅವಳು ಚೆಂಡನ್ನು ನೆಲಕ್ಕೆ ಕುಟ್ಟಿದಳು. ಅದು ಪುಟಿಯಲಿಲ್ಲ. ವಿಭೂತಿ ಬಳಿದುಕೊಂಡು ಬಿದ್ದಲ್ಲೇ ಕೂತಿತು.

“ಹವಾ ಹೋಗೇತಿ, ಅಷ್ಟ,” ಎಂದರು ಮಾಸ್ತರರು.

ಅವಳು ಬಾಗಿ, ಅದನ್ನೆತ್ತಿ, ಎರಡೂ ಕೈಯಿಂದ ಅವರಿಗೇ ಒಪ್ಪಿಸಿದಳು.

“ಒಳಗ ಇಡ್ರಿ ಸರ. ಒಂದೀಟೂ ಸವದಿಲ್ಲ.”