ಅತ್ತೆ ಅಲುಗಾಡಲಿಲ್ಲ

ಮುತ್ತತ್ತಿಯಿಂದ ಬಂದಮೇಲೆ ನಾನು ಫೋಟೋದಲ್ಲಿ ಯಾರ ಮುಖವನ್ನೂ ದೊಡ್ಡದು ಮಾಡಿ ನೋಡುವುದಿಲ್ಲ.

ಅವತ್ತು ನನ್ನ ಚಿಕ್ಕಪ್ಪನ ಮಗನ ಕೂಸಿಗೆ ಅಲ್ಲಿ ಮುಡಿ ತೆಗೆಸಿದ್ದೆವು. ಅವನು ಮದ್ದೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುವವನು. ಬೆಳಕವಾಡಿಯಿಂದ ಬಂದ ನಮ್ಮ ಸೋದರತ್ತೆ ಬಂದವರೇ ಹಳೆಯ ತಕರಾರು ತೆಗೆದರು. ಅವನ ಗೃಹಪ್ರವೇಶದ ಫೋಟೋದಲ್ಲಿ ಮುಂದೆ ಕೂತವರ ಮೂಗುಬೊಟ್ಟು ಕೂಡ ಮಿಂಚುತ್ತಿತ್ತು; ಹಿಂದೆ ನಿಂತಿದ್ದ ಅತ್ತೆಯ ಮುಖ ಮಾತ್ರ ಮಸುಕು.

ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ನನಗೆ ಕಾರಣ ಗೊತ್ತಿತ್ತು. ಲೆನ್ಸು ಹತ್ತಿರದ ಮುಖವನ್ನು ಹಿಡಿದರೆ ದೂರದ್ದನ್ನು ಬಿಟ್ಟುಬಿಡುತ್ತದೆ. ಬೆಳಕು ಒಳಬರುವ ಅದರ ಕಿಂಡಿ ಕಿರಿದು ಮಾಡಿದರೆ ಇನ್ನಷ್ಟು ದೂರದವರೆಗೆ ಸ್ಪಷ್ಟವಾಗುತ್ತದೆ. ಆದರೆ ಅವನು ಗಿರಾಕಿಗಳಿಗೆ ಹೇಳುವುದನ್ನೇ ಅತ್ತೆಗೂ ಹೇಳಿದ್ದ: "ನೀನು ಅಳ್ಳಾಡ್ಬುಟ್ಟೆ ಕಣತ್ತೆ."

"ಅಳ್ಳಾಡಕೆ ನಾನೇನು ಗಂಟೆಯೇನ್ಲಾ? ಈ ಸಲ ನೋಡು, ಕಲ್ಲಿನಂಗೆ ನಿಂತ್ಕತೀನಿ," ಎಂದರು ಅತ್ತೆ.

ಹಿಂದೆ ಕಾವೇರಿ ಕಾಣಬೇಕೆಂದು ನಿಲ್ಲಲು ನೀರಿನ ನಡುವೆ ಎದ್ದಿದ್ದ ಬಂಡೆಯನ್ನು ಅತ್ತೆಯೇ ಆರಿಸಿಕೊಂಡರು. ಕ್ಯಾಮರಾದ ಹತ್ತಿರ, ಮರದ ನೆರಳಲ್ಲಿ, ಮುಡಿ ಕೊಟ್ಟು ಅತ್ತು ನಿದ್ದೆಹೋದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದರ ತಾಯಿ ನದಿಗೆ ಬೆನ್ನು ಹಾಕಿ ಕೂತಳು. ಅಷ್ಟು ದೂರಕ್ಕೆ ಕಿಂಡಿ ಕಿರಿದು ಮಾಡಿದರೂ ಸಾಲದು ಎಂದ ಅವನು. ಕ್ಯಾಮರಾವನ್ನು ಸ್ಟ್ಯಾಂಡಿಗೆ ಬಿಗಿದು, ಒಮ್ಮೆ ಕೂಸಿನ ಮೇಲೆ, ಒಮ್ಮೆ ನಡುವಿನ ಜಾಗದ ಮೇಲೆ, ಕೊನೆಗೆ ಅತ್ತೆಯ ಮೇಲೆ ಫೋಕಸ್ ಮಾಡಿ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಸ್ಪಷ್ಟವಾದ ಭಾಗಗಳನ್ನೆಲ್ಲ ಸೇರಿಸಿ ಒಂದೇ ಚಿತ್ರ ಮಾಡುವುದು. ಸಾಕು ಅನ್ನುವವರೆಗೆ ಯಾರೂ ಕದಲಬಾರದು ಎಂದು ಕೂಗಿ ಹೇಳಿದ.

ಕೊನೆಯದನ್ನು ತೆಗೆದವನೇ ಅತ್ತೆಯ ಮುಖವನ್ನು ಪರದೆಯ ಮೇಲೆ ಹಿಗ್ಗಿಸಿದ. ನಾನೂ ಬಗ್ಗಿ ನೋಡಿದೆ. ರೆಪ್ಪೆಗೂದಲು ಒಂದೊಂದೂ ಕಾಣುತ್ತಿತ್ತು. ಇಬ್ಬರಿಗೂ ಖುಷಿಯಾಯಿತು. ಅವನು ಸಾಕು ಅನ್ನುವುದನ್ನು ಮರೆತ.

ದಡದಲ್ಲಿ ಅಡುಗೆ ಮಾಡುತ್ತಿದ್ದವರು ಯಾರೋ ನೀರು ಎಂದು ಕೂಗಿದರು. ತಲೆಯೆತ್ತಿದರೆ ಬಂಡೆಯೇ ಕಾಣಲಿಲ್ಲ. ಮಳೆಯ ಸುಳಿವೂ ಇಲ್ಲದ ಬಿಸಿಲಿನಲ್ಲಿ, ಮೇಲೆಲ್ಲೋ ಅಣೆಕಟ್ಟಿನಿಂದ ಬಿಟ್ಟ ನೀರಿಗೆ, ನದಿ ಏರಿಬಿಟ್ಟಿತ್ತು. ಮೊಣಕಾಲವರೆಗಿನ ನೀರಿನಲ್ಲಿ ಅತ್ತೆ ಕೈ ಕಟ್ಟಿಕೊಂಡು ಹಾಗೇ ನಿಂತಿದ್ದರು. ಅವನು ಸ್ಟ್ಯಾಂಡು ಉರುಳಿಸಿಕೊಂಡು ಓಡುವಷ್ಟರಲ್ಲಿ ಅವರ ಕಾಲು ಜಾರಿತು. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ತೆಪ್ಪದವನೊಬ್ಬ ಹುಟ್ಟು ಚಾಚಿದ್ದು, ಅತ್ತೆಯ ಕೈ ಅದನ್ನು ಹಿಡಿದದ್ದು ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ. ಕೆಲವು ಸಲ ಆ ಕೈ ಹಿಡಿಯುವುದೇ ಇಲ್ಲ.

ಯಾರದೋ ಒಲೆಯ ಪಕ್ಕ ಅತ್ತೆಯನ್ನು ಕೂರಿಸಿ ಟವೆಲು ಹೊದಿಸಿದೆವು. ಬಿದ್ದರೂ ಕ್ಯಾಮರಾ ಕೆಟ್ಟಿರಲಿಲ್ಲ. ಅವನು ಆ ಮುಖದ ಚಿತ್ರವನ್ನು ಮತ್ತೆ ತೆರೆದ. ರೆಪ್ಪೆ ನೋಡಿದ್ದ ನಾವು ಕಣ್ಣು ನೋಡಿರಲಿಲ್ಲ. ಹೆದರಿದ ಕಣ್ಣು. ನೀರು ಪಾದ ಮುಟ್ಟಿದ್ದು ಅತ್ತೆಗೆ ಗೊತ್ತಾಗಿತ್ತು. ನಾವು ಸಾಕು ಅನ್ನಲೆಂದು ನಮ್ಮನ್ನೇ ನೋಡುತ್ತಿದ್ದರು.

"ಬಂದದೇನ್ಲಾ ನನ್ ಮುಖ?" ಎಂದು ಕೇಳಿದರು ಅತ್ತೆ.

ಅವನು ಕ್ಯಾಮರಾ ಆಫ್ ಮಾಡಿದ. "ಇಲ್ಲ ಕಣತ್ತೆ. ಸರ್ಯಾಗಿ ಬಂದಿಲ್ಲ."

ಅತ್ತೆ ಒದ್ದೆ ಸೆರಗು ಹಿಂಡಿಕೊಂಡರು.

"ಈ ಸಲವೂ ನಾನೇ ಅಳ್ಳಾಡ್ಬುಟ್ನೇನೋ, ಬುಡು," ಎಂದರು.

ಅವನು ನನ್ನ ಕಡೆ ನೋಡಿದ. ನಾನು ಒಲೆಗೆ ಸೌದೆ ತಳ್ಳಿದೆ.