ಕ್ಷೌರದ ನಂತರದ ಸ್ನಾನ

ಕೋವಿಡ್ ಶುರುವಾದ ವರ್ಷ ನಾನು ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನನ್ನ ವಾರ್ಡಿನಲ್ಲಿ ಒಬ್ಬ ಜರ್ಮನ್ ಮುದುಕರಿದ್ದರು, ಮನೆತನದ ಹೆಸರು ಬಾಡರ್. ದಟ್ಟ ಗಡ್ಡದಿಂದಾಗಿ ಆಕ್ಸಿಜನ್ ಮಾಸ್ಕು ಮುಖಕ್ಕೆ ಸರಿಯಾಗಿ ಕೂರದೆ ಗಾಳಿ ಸೋರುತ್ತಿತ್ತು. ನಾನೇ ರೇಜರ್ ಹಿಡಿದೆ.

“ಪಳಗಿದ ಕೈ,” ಅಂದರು. ಊರಿನಲ್ಲಿ ನಮ್ಮಪ್ಪನದು ಕ್ಷೌರದಂಗಡಿ ಅಂದೆ. ಅವರು ಏದುಸಿರಿನಲ್ಲೇ ನಕ್ಕರು. ಅವರ ಹೆಸರೂ ಅದೇ ಕಸುಬಿನದಂತೆ. ಹಿಂದೆ ಜರ್ಮನಿಯಲ್ಲಿ ಸ್ನಾನದ ಮನೆ ನಡೆಸುತ್ತಾ, ಬಂದವರಿಗೆ ಕ್ಷೌರ ಮಾಡಿ, ಹಲ್ಲು ಕಿತ್ತು, ಗಾಯಕ್ಕೆ ಕಟ್ಟು ಕಟ್ಟುತ್ತಿದ್ದವರನ್ನು ಬಾಡರ್ ಅನ್ನುತ್ತಿದ್ದರಂತೆ. “ಮೈ ಮುಟ್ಟೋಕೆ ನಾವು ಬೇಕಿತ್ತು, ಪಕ್ಕದಲ್ಲಿ ಕೂತು ಉಣ್ಣೋಕೆ ಬೇಡವಾಗಿತ್ತು,” ಅಂದರು.

ನನಗದು ಹೊಸದೇನಲ್ಲ. ಅಪ್ಪನ ಕೈಯಲ್ಲಿ ಕ್ಷೌರ ಮಾಡಿಸಿಕೊಂಡವರು ಸ್ನಾನ ಮಾಡದೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಕೂದಲು ಚುಚ್ಚುತ್ತಲ್ಲ, ಅದಕ್ಕೆ ಅಂತ ಅಮ್ಮ ಸಮಾಧಾನ ಹೇಳುತ್ತಿದ್ದಳು. ಕೂದಲಿಗಲ್ಲ, ಮೈಲಿಗೆಗೆ ಅಂತ ನನಗೆ ಗೊತ್ತಿತ್ತು. ಆ ಸಿಟ್ಟು ಇನ್ನೂ ಆರಿಲ್ಲ.

ಮಾರನೇ ದಿನ ಅವರು ತೀರಿಕೊಂಡರು. ಕಣ್ಣು ಮುಚ್ಚಿಸಿದ್ದು ನಾನೇ. ಆಡಮ್ಸ್‌ಟೌನಿನ ಮನೆ ಸೇರಿದಾಗ ಹೆಂಡತಿ ಎಂದಿನಂತೆ ದೂರ ನಿಂತು, “ರೀ, ಸೀದಾ ಬಾತ್‌ರೂಮಿಗೆ ಹೋಗಿ, ಏನೂ ಮುಟ್ಬೇಡಿ,” ಅಂದಳು. ಅವರನ್ನು ಮುಟ್ಟಿದ್ದ ಕೈಯನ್ನು ಉಜ್ಜಿ ಉಜ್ಜಿ ತೊಳೆದೆ. ಅಪ್ಪನ ಗಿರಾಕಿಗಳೂ ಹೀಗೇ ಉಜ್ಜಿಕೊಳ್ಳುತ್ತಿದ್ದಿರಬೇಕು.