ಶಾರದಕ್ಕನ ಡಬ್ಬಿ, ಮೂರು ಆಲೂಗಡ್ಡೆ

ಬೆಳಿಗ್ಗೆ ತರಕಾರಿ ಬುಟ್ಟಿಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗಿನ ಮೊಳಕೆಯೊಂದು ತಾಗಿತು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡೆ. "ಆಲೂಗಡ್ಡೆಗೆ ಹೆದರೋ ಗಂಡಸನ್ನ ಇಲ್ಲೇ ನೋಡಿದ್ದು" ಎಂದಳು ಹೆಂಡತಿ. ಅವಳು ನಗಲಿ ಬಿಡಿ, ನಿಮಗೆ ಕಾರಣ ಹೇಳುತ್ತೇನೆ.

ದಿಲ್ಲಿಯ ದ್ವಾರಕಾಕ್ಕೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ಇದೇ ಮನೆಯಲ್ಲಿ ನಾನೊಬ್ಬನೇ ಇದ್ದೆ. ಸರ್ಕಾರಿ ಗುಮಾಸ್ತ, ಅನ್ನಕ್ಕಿಟ್ಟರೆ ಗಂಜಿಯಾಗುತ್ತಿತ್ತು. ಎದುರು ಮನೆಯ ಶಾರದಕ್ಕ ಗಂಡ ತೀರಿಕೊಂಡ ಮೇಲೂ ಇಲ್ಲೇ ಒಬ್ಬರೇ ಉಳಿದವರು. ಶನಿವಾರ ಶನಿವಾರ ಅವರ ಸ್ಟೀಲ್ ಡಬ್ಬಿ ಬರುತ್ತಿತ್ತು. ಒಮ್ಮೆ ಪಲ್ಯ, ಒಮ್ಮೆ ಹುಳಿ, ಉಪವಾಸದ ದಿನವಾದರೆ ಸಬ್ಬಕ್ಕಿ ಖಿಚಡಿ, ಚಳಿಗೆ ಮೆಂತ್ಯಸೊಪ್ಪು ಬೆರೆಸಿದ ಪರಾಠಾ. ಎಲ್ಲದರಲ್ಲೂ ಆಲೂಗಡ್ಡೆಯೇ, ಆದರೂ ಒಂದು ದಿನವೂ ಬೇಜಾರಾಗಲಿಲ್ಲ. "ಈ ದಿಲ್ಲೀಲಿ ಯಾರ ಜೊತೆಗಾದ್ರೂ ಹೊಂದ್ಕೊಂಡು ಹೋಗೋದು ಇದೊಂದೇ ಕಣೋ" ಎನ್ನುತ್ತಿದ್ದರು.

ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದಲ್ಲ, ಸಕ್ಕರೆ ಹಾಕಿ ಕೊಡುತ್ತಿದ್ದೆ. ಕೊನೆಯ ಸಲ ಸಕ್ಕರೆ ಮುಗಿದಿತ್ತು. ಮೂರು ಹಸಿ ಆಲೂಗಡ್ಡೆ ತುಂಬಿ, ನನ್ನ ಜಾಣತನಕ್ಕೆ ನಾನೇ ನಕ್ಕು, ಕಪಾಟಿನಲ್ಲಿಟ್ಟೆ. ಮರುದಿನ ಸಂಜೆ ಅವರ ಫೋನ್ ಬಂತು.

"ಡಬ್ಬಿ ತಂದ್ಕೊಡ್ತೀಯೇನೋ?"

"ನಾಳೆ ತರ್ತೀನಿ ಶಾರದಕ್ಕ."

"ಅಚ್ಛಾ, ನಾಳೆ."

ದನಿ ಕುಗ್ಗಿತ್ತು. ಟಿವಿಯಲ್ಲಿ ಕ್ರಿಕೆಟ್ ಇತ್ತು, ನಾಲ್ಕು ಹೆಜ್ಜೆ ಹೋಗಲು ನನಗೆ ಸೋಮಾರಿತನ. ಮರುದಿನ ವಾಚ್‌ಮನ್ ಬಾಗಿಲು ಒಡೆದಾಗ ಅವರು ಹೋಗಿಬಿಟ್ಟಿದ್ದರು. ಅಡುಗೆಮನೆಯಲ್ಲಿ ಅಂಥವೇ ಹತ್ತಾರು ಡಬ್ಬಿಗಳು ಸಾಲಾಗಿದ್ದವು. ಅವರಿಗೆ ಬೇಕಾಗಿದ್ದದ್ದು ಡಬ್ಬಿಯಲ್ಲ; ಅವರು ಕರೆದದ್ದು ನನ್ನನ್ನು. ಆ ನಾಚಿಕೆ ಇನ್ನೂ ಹೋಗಿಲ್ಲ.

ಮನೆಗೆ ಬೀಗ ಬಿತ್ತು. ಡಬ್ಬಿ ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಎರಡು ತಿಂಗಳ ಮೇಲೆ, ಮಂಜು ಕವಿದ ಒಂದು ಶನಿವಾರ ಮಧ್ಯಾಹ್ನ, ಬೀಗ ಹಾಕಿದ ಆ ಬಾಗಿಲ ಸಂದಿಯಿಂದ ಇಂಗಿನ ಒಗ್ಗರಣೆಯ ವಾಸನೆ ಬಂತು. ಹೋಗಿ ಕಿವಿಗೊಟ್ಟೆ. ಒಳಗೆ ಸದ್ದಿಲ್ಲ. ಸದ್ದಾದದ್ದು ನನ್ನ ಕಪಾಟಿನಲ್ಲಿ. ಮರಳಿ ಬಂದು ತೆರೆದರೆ ಡಬ್ಬಿಯ ಮುಚ್ಚಳ ಜಾರಿ ಬಿದ್ದಿತ್ತು. ಬಿಳಿಚಿಕೊಂಡ ಮೊಳಕೆಗಳು ಹೊರಗೆ ಬಂದು, ಅಷ್ಟೂ ಎದುರು ಮನೆಯ ಕಡೆಗೇ ಬಾಗಿದ್ದವು. ಬೆಳಕಿಗೆ ಬಾಗಿರಬೇಕು ಅನ್ನುತ್ತೀರಿ. ಕಿಟಕಿ ಇದ್ದದ್ದು ಇನ್ನೊಂದು ಕಡೆ.

ಈಗ ಆ ಮನೆಯಲ್ಲಿ ಒಬ್ಬ ವೃದ್ಧರು ಒಂಟಿಯಾಗಿದ್ದಾರೆ. ಒಂದು ವರ್ಷದಿಂದ ಲಿಫ್ಟಿನಲ್ಲಿ ತಲೆಯಾಡಿಸುತ್ತಿದ್ದೇವೆ, ಅಷ್ಟೇ. ಇವತ್ತು ಬುಟ್ಟಿಯ ಮೊಳಕೆಯೊಡೆದ ಆಲೂಗಡ್ಡೆಯನ್ನು ಕುಂಡದಲ್ಲಿ ಹೂತೆ. ಉಳಿದವನ್ನು ಬೇಯಿಸಿ ಪಲ್ಯ ಮಾಡಿ ಶಾರದಕ್ಕನ ಡಬ್ಬಿಗೇ ತುಂಬಿದೆ.

"ನಾಳೆ ಕೊಟ್ಟರಾಯ್ತು, ಮೊದಲು ಸ್ನಾನ ಮಾಡಿ" ಎಂದಳು ಹೆಂಡತಿ.

ಚಪ್ಪಲಿಯನ್ನೂ ಹಾಕದೆ ಹೋಗಿ ಬೆಲ್ ಒತ್ತಿದೆ. ಅವರು ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, "ಆಯಿಯೇ, ಬೈಠಿಯೇ" ಎಂದು ಕುರ್ಚಿಯ ಮೇಲಿನ ಬಟ್ಟೆ ಸರಿಸಿದರು. ಪಲ್ಯ ಆರುವವರೆಗೂ ಮುಚ್ಚಳ ತೆಗೆಯಲಿಲ್ಲ; ಅವರಿಗೆ ಮಾತಾಡುವುದಿತ್ತು.